ಏಳನೆಯ ತಜ್ಞರು

ನಮ್ಮ ದೊಡ್ಡಪ್ಪ ಒಂದು ಕಾಲದಲ್ಲಿ ಈ ದೇಶದ ಏಳು ಮಂದಿ ಹಿರಿಯ ನರರೋಗ ತಜ್ಞರಲ್ಲಿ ಒಬ್ಬರಾಗಿದ್ದರು. ನಗಬೇಡಿ, ಅಚ್ಚಾದ ಪುಸ್ತಕ ನನ್ನ ಬಳಿ ಈಗಲೂ ಇದೆ. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಅದರಲ್ಲೂ ವಿಜ್ಞಾನದ ಪರೀಕ್ಷೆಯನ್ನು ಎರಡು ಸಲ ಬರೆದವರು. ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೂ ಮೂರು ದಿನದ ಮಟ್ಟಿಗೆ ತಜ್ಞರಾದರು! ಊರೂರುಗಳಿಂದ ಬಂದ ಡಾಕ್ಟರುಗಳು ಯಾವ ಗೋಷ್ಠಿಯಲ್ಲಿ ಕೂರಬೇಕು, ಯಾವುದನ್ನು ಬಿಟ್ಟು ಕಾಫಿಗೆ ಹೋಗಬಹುದು ಎನ್ನುವುದನ್ನು ಆ ಮೂರು ದಿನ ದೊಡ್ಡಪ್ಪನ ಮಾತು ನಂಬಿ ತೀರ್ಮಾನಿಸಿದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆ ಎನ್ನುವುದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ದೊಡ್ಡಪ್ಪನ ನಿಜವಾದ ಉದ್ಯೋಗ ಪ್ರೂಫ್ ನೋಡುವುದು. ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ಹಳೆಯ ಮುದ್ರಣಾಲಯದಲ್ಲಿ, ಹಿಂದಿನ ಕೋಣೆಯ ಕಿಟಕಿಯ ಪಕ್ಕ, ಜೀವಮಾನವೆಲ್ಲ ಬಗ್ಗಿ ಕೂತಿದ್ದರು. ಪಠ್ಯಪುಸ್ತಕ, ಪಂಚಾಂಗ, ಬ್ಯಾಂಕಿನ ವರದಿ, ಔಷಧದ ಡಬ್ಬಿಯೊಳಗಿನ ಚೀಟಿ, ಯಾವುದೇ ಇರಲಿ, ಕನ್ನಡವಾಗಲಿ ಇಂಗ್ಲಿಷಾಗಲಿ, ಅವರ ಕೆಂಪು ಪೆನ್ಸಿಲಿನ ಕೆಳಗೆ ಹಾದು ಬರಬೇಕಿತ್ತು. ಅರ್ಥವಾಗದ ವಿಷಯದಲ್ಲೇ ತಪ್ಪು ಚೆನ್ನಾಗಿ ಕಾಣುತ್ತದೆ ಎಂದು ಹೇಳುತ್ತಿದ್ದರು. ಅರ್ಥವಾದರೆ ಮನಸ್ಸು ಕಥೆಯ ಹಿಂದೆ ಹೋಗಿಬಿಡುತ್ತದಂತೆ. ನಿವೃತ್ತರಾದ ಮೇಲೂ ಮಾಲೀಕರು ಬಿಡದೆ ಅರ್ಧ ದಿನ ಬಂದು ಹೋಗಿ ಎಂದರು. ಎನ್.ಆರ್. ಕಾಲೋನಿಯ ಮನೆಯಿಂದ ಬೆಳಗ್ಗೆ ನಡೆದು ಹೊರಟರೆ ದಾರಿಯ ಬೋರ್ಡುಗಳನ್ನೆಲ್ಲ ಓದಿಕೊಂಡೇ ಹೋಗುವರು. ಒಂದು ಬೇಕರಿಯ ಬೋರ್ಡಿನಲ್ಲಿ ‘ತಾಜ ಬ್ರೆಡ್ಡು’ ಎಂದಿತ್ತು. ದೀರ್ಘವಿಲ್ಲದ ಬ್ರೆಡ್ಡು ತಾಜಾ ಆಗಿರಲು ಸಾಧ್ಯವೇ ಇಲ್ಲವೆಂದು ಹಠ ಹಿಡಿದು, ಮನೆಯಲ್ಲಿ ಜ್ವರ ಬಂದಾಗಲೂ ಆ ಅಂಗಡಿಯನ್ನು ದಾಟಿ ಗಾಂಧಿಬಜಾರಿನವರೆಗೆ ನಡೆದು ಬ್ರೆಡ್ಡು ತಂದರು.

ಮದುವೆಯ ಕಾಗದ ಬಂದರಂತೂ ನಮಗೆಲ್ಲ ಎದೆ ಢವಢವ. ದೊಡ್ಡಪ್ಪ ಅದನ್ನು ಓದಿ, ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ಕೆಳಗೆ ತಮ್ಮ ಸಹಿಯ ಎರಡು ಅಕ್ಷರ ಹಾಕಿ, ಮದುವೆ ಮನೆಯಲ್ಲಿ ಉಡುಗೊರೆಯ ಜೊತೆಗೆ ಹೆಣ್ಣಿನ ತಂದೆಯ ಕೈಗೇ ಕೊಟ್ಟು ಬರುವರು. ‘ಆಶಿರ್ವಾದ’ದಲ್ಲಿ ದೀರ್ಘ ಬಿಟ್ಟ ಒಬ್ಬರು ಎರಡು ವರ್ಷ ಮಾತು ಬಿಟ್ಟಿದ್ದರು. ಮೂರನೆಯ ವರ್ಷ ಅವರೇ ಮನೆಗೆ ಬಂದು, ಎರಡನೆಯ ಮಗಳ ಮದುವೆಯ ಕಾಗದವನ್ನು ಅಚ್ಚಿಗೆ ಕೊಡುವ ಮೊದಲೇ ಮುಂದೆ ಚಾಚಿದರು. ದೊಡ್ಡಪ್ಪ ಅದರಲ್ಲಿ ಮುಹೂರ್ತದ ವಾರವೇ ತಪ್ಪಿರುವುದನ್ನು ಹಿಡಿದುಕೊಟ್ಟರು. ಆಮೇಲೆ ಆ ಬೀದಿಯಲ್ಲಿ ಅವರ ಪೆನ್ಸಿಲಿಗೆ ತಕ್ಕಮಟ್ಟಿಗೆ ಮರ್ಯಾದೆ ಬಂತು.

ರಾಮನವಮಿಯ ಸಂಗೀತದ ಪೆಂಡಾಲು ಏಳುವ ಹೊತ್ತಿಗೆ ಬೀದಿಯವರಿಗೆ ದೊಡ್ಡಪ್ಪ ಇನ್ನೊಂದು ಕಾರಣಕ್ಕೆ ಬೇಕಾಗುತ್ತಿದ್ದರು. ಕಛೇರಿಗಳ ಪಟ್ಟಿ ಅಚ್ಚಾಗುತ್ತಿದ್ದುದು ಇವರ ಪ್ರೆಸ್ಸಿನಲ್ಲೇ. ಯಾವ ದಿನ ಹೋಗಬೇಕು, ಯಾವ ದಿನ ಮನೆಯಲ್ಲೇ ಇರಬಹುದು ಎಂದು ಗುರುತು ಹಾಕಿಸಿಕೊಳ್ಳಲು ಜನ ಬರುತ್ತಿದ್ದರು. ದೊಡ್ಡಪ್ಪನಿಗೆ ರಾಗದ ಗಂಧವೂ ಇರಲಿಲ್ಲ. ಅವರ ಲೆಕ್ಕವೇ ಬೇರೆ. ಹೆಸರಿನ ಹಿಂದೆ ಮುಂದೆ ಬಿರುದು ಕಡಿಮೆ ಇದ್ದಷ್ಟೂ ವಿದ್ವಾಂಸರು ದೊಡ್ಡವರು! ನಾಲ್ಕು ಸಾಲು ಬಿರುದು ಇದ್ದವರ ದಿನ ಚಪಾತಿಗೆ ಹಿಟ್ಟು ಕಲಸಿಕೊಳ್ಳಿ ಎನ್ನುವರು. ಬರೀ ಇನಿಷಿಯಲ್ಲು, ಹೆಸರು, ‘ಗಾಯನ’ ಎಂದಿದ್ದರೆ ಬೇಗ ಹೋಗಿ ಮುಂದೆ ಕೂರಿ. ಇದು ಎಷ್ಟು ಸಲ ಸರಿಹೋಗುತ್ತಿತ್ತು ಎಂದರೆ, ಸಂಗೀತ ಬಲ್ಲ ನಮ್ಮ ಅಪ್ಪನಿಗೆ ಅಣ್ಣನ ಮೇಲೆ ಸಣ್ಣ ಹೊಟ್ಟೆಕಿಚ್ಚೇ ಇತ್ತು.

ಇಷ್ಟೆಲ್ಲ ಮಾತನಾಡಿದರೆಂದು ಹೇಳಿದೆನಲ್ಲ, ಮನೆಯಲ್ಲಿ ಮಾತ್ರ ದೊಡ್ಡಪ್ಪ ಮೌನಿ. ಅಲ್ಲಿ ಮಾತು ದೊಡ್ಡಮ್ಮನದು. ಅಡುಗೆ ಮನೆಯಿಂದ ಹೊರಟ ಅವರ ಮಾತು ನಡುಮನೆ ದಾಟಿ, ಜಗಲಿಯಲ್ಲಿ ಪ್ರೂಫ್ ಹರಡಿಕೊಂಡು ಕೂತ ದೊಡ್ಡಪ್ಪನ ಕಿವಿಯವರೆಗೆ ದಿನವಿಡೀ ಹರಿಯುತ್ತಿತ್ತು. ದೊಡ್ಡಪ್ಪ ಹ್ಞೂಂ ಎನ್ನುವರು, ಪುಟ ತಿರುಗಿಸುವರು. ಮಕ್ಕಳಿಲ್ಲದ ಮನೆ, ಇಬ್ಬರಿಗೆ ಇಬ್ಬರೇ. ಇವಳ ವಟವಟದಲ್ಲಿ ಒಂದು ಪುಟ ನೆಟ್ಟಗೆ ಓದುವ ಹಾಗಿಲ್ಲ ಎಂದು ನನ್ನ ಹತ್ತಿರ ದೂರಿದ್ದೂ ಉಂಟು.

ತೊಂಬತ್ತರ ದಶಕದ ನಡುವೆ, ಒಂದು ಬೆಳಗ್ಗೆ, ಒಗ್ಗರಣೆ ಹಾಕುತ್ತಿದ್ದ ದೊಡ್ಡಮ್ಮನ ಕೈಯಿಂದ ಸೌಟು ಜಾರಿತು. ಬಗ್ಗಿ ಎತ್ತಿಕೊಳ್ಳಲು ಬಲಗೈ ಏಳಲಿಲ್ಲ. ಏನಾಯಿತು ಎಂದು ಓಡಿಬಂದ ದೊಡ್ಡಪ್ಪನನ್ನು ನೋಡಿ ಏನೋ ಹೇಳಲು ಹೋದರು, ಬಾಯಿಂದ ಬರೀ ಉಸಿರು ಬಂತು. ಪಾರ್ಶ್ವವಾಯು. ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು, ಕಾಲು ಕೈ ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ ಮನೆಗೆ ಕಳಿಸಿದರು. ಮಾತು ಮಾತ್ರ ಅಲ್ಲೇ ಎಲ್ಲೋ ಉಳಿದುಹೋಗಿತ್ತು.

ಪೂರ್ತಿ ಹೋಗಿತ್ತು ಎಂದಲ್ಲ. ದಿನಕ್ಕೆ ಹತ್ತಾರು ಪದ ಬರುತ್ತಿತ್ತು, ಆದರೆ ಬೇರೆ ಬೇರೆ ಜಾಗಕ್ಕೆ. ಕಾಫಿ ಬೇಕಾದರೆ ‘ಬೀಗ’ ಎನ್ನುವರು. ಹಾಲಿಗೆ ‘ದೇವಸ್ಥಾನ’. ಬಾಗಿಲು ಹಾಕಿ ಎನ್ನಲು ‘ಮಂಗಳವಾರ, ಮಂಗಳವಾರ’ ಎಂದು ಕೈ ತೋರಿಸುವರು. ತಾವು ಹೇಳಿದ್ದು ತಪ್ಪೆಂದು ಅವರಿಗೇ ಗೊತ್ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ನಾವೆಲ್ಲ ಏನು ಮಾಡುವುದೆಂದು ತೋಚದೆ ಸುಮ್ಮನೆ ನಿಂತರೆ, ದೊಡ್ಡಪ್ಪ ಹೋಗಿ ಒಂದು ನೋಟ್‌ಬುಕ್ಕು ತಂದರು. ನಡುವೆ ಗೆರೆ ಎಳೆದು, ಪುಸ್ತಕಗಳ ಕೊನೆಯಲ್ಲಿ ಹಾಕುವಂತೆ ಒಂದು ಕಡೆ ‘ತಪ್ಪು’, ಇನ್ನೊಂದು ಕಡೆ ‘ಒಪ್ಪು’ ಎಂದು ಬರೆದು ಪಟ್ಟಿ ಮಾಡುತ್ತಾ ಹೋದರು.

“ಮೊಳೆ ಎಲ್ಲಾ ಪೆಟ್ಟಿಗೇಲೇ ಇದೆ ಕಣೇ, ಒಂದೂ ಕಳೆದಿಲ್ಲ,” ಎಂದರು ನನಗೆ. “ತಪ್ಪು ಖಾನೆಗೆ ಕೈ ಹಾಕ್ತಿದಾಳೆ, ಅಷ್ಟೆ.”

ಖಾನೆ ಖಾನೆಯಲ್ಲಿ ಇಡುವ ಸೀಸದ ಅಕ್ಷರಗಳ, ಅಂದರೆ ಅಚ್ಚಿನ ಮೊಳೆಯ ಲೆಕ್ಕ ನನಗೆ ಆಗ ಅಷ್ಟು ಅರ್ಥವಾಗಲಿಲ್ಲ. ಪಟ್ಟಿಯನ್ನು ಮಾತ್ರ ಬೀದಿಯೆಲ್ಲ ಬಾಯಿಪಾಠ ಮಾಡಿತು. ಹಾಲಿನವನು ಬಂದು ಅಮ್ಮಾವ್ರು ಇವತ್ತು ಅರ್ಧ ಲೀಟರ್ ದೇವಸ್ಥಾನ ಸಾಕು ಅಂದರು ಎಂದು ಗಂಭೀರವಾಗಿ ಹೇಳಿ ಅಳೆದು ಹೋಗುತ್ತಿದ್ದ. ನಾವು ನಗುತ್ತಿದ್ದೆವು, ದೊಡ್ಡಮ್ಮನೂ ಅರ್ಧ ತುಟಿಯಲ್ಲಿ ನಗುತ್ತಿದ್ದರು. ಗಂಡನನ್ನು ಕರೆಯಬೇಕಾದರೆ ಮಾತ್ರ ತಪ್ಪೋ ಒಪ್ಪೋ ಯಾವ ಪದವೂ ಬರುತ್ತಿರಲಿಲ್ಲ. ಎಡಗೈಯಿಂದ ಲೋಟವನ್ನು ಮಂಚಕ್ಕೆ ತಟ್ಟುವರು, ದೊಡ್ಡಪ್ಪ ಎದ್ದು ಬರುವರು. ಇದೇ ಹೊತ್ತಿಗೆ ಇನ್ನೊಂದು ವಿಚಿತ್ರ ಶುರುವಾಯಿತು. ದೊಡ್ಡಪ್ಪ ನೋಡಿದ ಪ್ರೂಫಿನಲ್ಲಿ ತಪ್ಪುಗಳು ಉಳಿಯತೊಡಗಿದವು! ಮಾಲೀಕರು ವಯಸ್ಸಾಯಿತು ಎಂದುಕೊಂಡರು. ದೊಡ್ಡಪ್ಪ ನನಗೆ ಹೇಳಿದ್ದೇ ಬೇರೆ. ಮನೆಯಲ್ಲಿ ಸದ್ದಿಲ್ಲ, ಅಕ್ಷರದ ಮೇಲೆ ಕಣ್ಣು ನಿಲ್ಲುವುದಿಲ್ಲ ಎಂದರು.

ವಾರಕ್ಕೆ ಎರಡು ದಿನ ದೊಡ್ಡಾಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನಡೆಯುತ್ತಿತ್ತು. ಕಲಿಸುತ್ತಿದ್ದವಳು ಇಪ್ಪತ್ತಾರೋ ಇಪ್ಪತ್ತೇಳೋ ವರ್ಷದ ಹುಡುಗಿ, ಬಹಳ ತಾಳ್ಮೆಯವಳು. ನಾನು ಕೆಲಸ ಮಾಡುತ್ತಿದ್ದ ಇನ್ಶೂರೆನ್ಸ್ ಆಫೀಸಿಗೆ ಅರ್ಧ ದಿನ ರಜೆ ಹಾಕಿ ದೊಡ್ಡಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕಾಯುವವರ ಸಾಲು ದೊಡ್ಡದು, ಕಲಿಸುವವರು ಇಬ್ಬರೇ. ಅದಕ್ಕಾಗಿ ಒಂದು ನಿಯಮ ಮಾಡಿದ್ದರು: ಎರಡು ತಿಂಗಳಿಗೊಮ್ಮೆ ಒಂದು ಫಾರಂ ಹಿಡಿದು ಪರೀಕ್ಷೆ, ಮೂರು ಪರೀಕ್ಷೆಗಳಲ್ಲಿ ಎಲ್ಲ ಭಾಗದಲ್ಲೂ ಸುಧಾರಣೆ ಕಾಣದಿದ್ದರೆ ಆ ಜಾಗ ಮುಂದಿನವರಿಗೆ. ದೊಡ್ಡಮ್ಮ ಚಿತ್ರ ನೋಡಿ ಹಸು ಎಂದರು, ಕೊಡೆ ಎಂದರು, ಕಷ್ಟಪಟ್ಟು ಗಡಿಯಾರ ಎಂದರು. ಹನ್ನೊಂದನೆಯ ಪ್ರಶ್ನೆ ಬಂದಾಗ ಮಾತ್ರ ಎರಡು ಸಲವೂ ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಎಡಗೈಯಲ್ಲಿ ಹಿಂಡುತ್ತಾ ಕೂತುಬಿಟ್ಟರು. ಹುಡುಗಿ ‘ಅಸಮರ್ಥರು’ ಎಂಬಲ್ಲಿ ಗುರುತು ಹಾಕಿದಳು. ನಾನು ಪಕ್ಕದಲ್ಲೇ ಕೂತು ಅಯ್ಯೋ ಪಾಪ ಎಂದುಕೊಂಡೆ.

ಹನ್ನೊಂದನೆಯ ಪ್ರಶ್ನೆ ಏನು ಎನ್ನುತ್ತೀರಾ? ನಿಮ್ಮ ಗಂಡನ ಹೆಸರೇನು?

ಎರಡನೆಯ ಪರೀಕ್ಷೆಯ ಫಾರಮ್ಮಿನ ನಕಲನ್ನು ಮನೆಗೆ ತಂದುಕೊಟ್ಟಾಗ ದೊಡ್ಡಪ್ಪ ಅಭ್ಯಾಸಬಲದಿಂದ ಪೆನ್ಸಿಲು ಹಿಡಿದೇ ಓದಿದರು. ಹನ್ನೊಂದನೆಯದರ ಹತ್ತಿರ ಬಂದು ಪೆನ್ಸಿಲು ನಿಂತಿತು. ನನ್ನ ಮುಖ ನೋಡಿದರು.

“ಇದನ್ನ ಕೇಳಿದ್ರಾ ಅವಳನ್ನ? ನೀನು ಅಲ್ಲೇ ಇದ್ಯಾ?”

ನನಗೆ ಆಗಲೂ ಹೊಳೆಯಲಿಲ್ಲ ಎಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ. ನಾನು ನನ್ನ ಗಂಡನನ್ನು ಮದುವೆಯಾದ ಮರುದಿನದಿಂದ ಹೆಸರು ಹಿಡಿದು, ಕೆಲವು ಸಲ ಅರ್ಧ ಹೆಸರು ಹಿಡಿದು ಕೂಗುತ್ತಿದ್ದವಳು. ದೊಡ್ಡಮ್ಮ ದೊಡ್ಡಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಬದುಕಿನಲ್ಲಿ ಒಂದೇ ಸಲ, ಮದುವೆಯ ಉರುಟಣೆಯ ದಿನ, ಹೆಂಗಸರೆಲ್ಲ ಸುತ್ತ ಕೂತು ಬಲವಂತ ಮಾಡಿದಾಗ, ಹಾಡಿನ ನಡುವೆ ಸೇರಿಸಿ. ಆಮೇಲೆ ರೇಷನ್ ಕಾರ್ಡಿನವರು ಕೇಳಿದಾಗ ಪಕ್ಕದ ಮನೆಯವರ ಕಡೆ ನೋಡುವರು, ಅವರು ಹೇಳುವರು. ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಮಾತೆಲ್ಲ ಹೋದ ಮೇಲೂ ಅದೊಂದು ಹೋಗಿರಲಿಲ್ಲ. ಫಾರಂ ಅದನ್ನು ಕಾಯಿಲೆ ಎಂದು ಬರೆದುಕೊಂಡಿತ್ತು.

ಆ ಸಂಜೆ ದೊಡ್ಡಪ್ಪ ಮಂಚದ ಪಕ್ಕ ಕೂತು ದೊಡ್ಡಮ್ಮನಿಗೆ ಮೆತ್ತಗೆ ಹೇಳಿದರು. ಒಂದ್ಸಲ ಹೇಳಿಬಿಡು, ಏನೂ ಆಗುವುದಿಲ್ಲ, ಇಲ್ಲದಿದ್ದರೆ ಚಿಕಿತ್ಸೆ ನಿಲ್ಲಿಸುತ್ತಾರೆ ಎಂದರು. ದೊಡ್ಡಮ್ಮ ಅವರನ್ನೇ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಭುಜ ಅಲುಗುವಂತೆ ಅತ್ತರು. ದೊಡ್ಡಪ್ಪ ಮತ್ತೆಂದೂ ಆ ಮಾತೆತ್ತಲಿಲ್ಲ. ಮಾರನೆಯ ದಿನ ನೇರ ಆಸ್ಪತ್ರೆಗೆ ಹೋಗಿ ಹುಡುಗಿಗೆ ಎಲ್ಲ ವಿವರಿಸಿದರು. ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳಂತೆ. ನಮ್ಮ ಅಜ್ಜಿಯೂ ಹಾಗೇ, ನನಗೆ ಯಾಕೆ ಹೊಳೆಯಲಿಲ್ಲ ಎಂದಳಂತೆ. ಆದರೆ ಫಾರಂ ಎಲ್ಲೋ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬಂದದ್ದು, ದೊಡ್ಡ ದೊಡ್ಡವರು ಕೂತು ಒಪ್ಪಿದ್ದು; ಅದರ ಒಂದು ಅಕ್ಷರವನ್ನು ಬದಲಿಸಬೇಕಾದರೂ ಅವರೇ ಬದಲಿಸಬೇಕು. ನನ್ನ ಮಾತನ್ನು ಅಲ್ಲಿ ಯಾರು ಕೇಳುತ್ತಾರೆ ಸಾರ್ ಎಂದಳಂತೆ. ಮೂರನೆಯ ಪರೀಕ್ಷೆಗೆ ಐದು ವಾರ ಉಳಿದಿತ್ತು.

ನರರೋಗ ತಜ್ಞರ ಸಮ್ಮೇಳನದ ಪುಸ್ತಕ ಪ್ರೆಸ್ಸಿಗೆ ಬಂದದ್ದು ಅದೇ ವಾರ.

ಸಮ್ಮೇಳನ ಬೆಂಗಳೂರಿನಲ್ಲೇ ಮೂರು ದಿನ ನಡೆಯುವುದಿತ್ತು. ಪುಸ್ತಕದ ಹೊಣೆ ಹೊತ್ತವರು ವೈಯಾಲಿಕಾವಲ್‌ನ ಒಬ್ಬ ನಡುವಯಸ್ಸಿನ ನರವೈದ್ಯರು. ಸದಾ ಓಡುತ್ತಲೇ ಇರುವ, ಒಳ್ಳೆಯ ಮನುಷ್ಯ. ಒಂದೇ ಹೊತ್ತಿಗೆ ನಾಲ್ಕು ಹಾಲ್‌ಗಳಲ್ಲಿ ಗೋಷ್ಠಿಗಳು ನಡೆಯುವುದರಿಂದ ಹೊಸಬರಿಗೆ ದಿಕ್ಕು ತಪ್ಪಬಾರದೆಂದು ಅವರು ಒಂದು ಪುಟ ಸೇರಿಸಿದ್ದರು: ‘ತಪ್ಪದೆ ಕೇಳಬೇಕಾದ ಗೋಷ್ಠಿಗಳು: ಹಿರಿಯರ ಶಿಫಾರಸು’. ಆರು ಮಂದಿ ಹಿರಿಯ ತಜ್ಞರು ಮೂರು ಮೂರು ಗೋಷ್ಠಿಗಳನ್ನು ಆಯ್ದು ಕಳಿಸಿದ್ದರು. ಒಬ್ಬೊಬ್ಬರ ಹೆಸರಿನ ಕೆಳಗೂ ನಾಲ್ಕು ಸಾಲು ಪದವಿ, ಹುದ್ದೆ, ಊರು.

ದೊಡ್ಡಪ್ಪ ಪ್ರೂಫನ್ನು ವೇಳಾಪಟ್ಟಿಯ ಜೊತೆಗಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿದರು. ಮೊದಲನೆಯವರು ಶಿಫಾರಸು ಮಾಡಿದ್ದು ತಮ್ಮದೊಂದು, ತಮ್ಮ ಶಿಷ್ಯನದೊಂದು, ಮೂರನೆಯದು ತಮಗೇ ಸನ್ಮಾನವಾಗುವ ಉದ್ಘಾಟನೆ! ಎರಡನೆಯವರು ಒಂದೇ ಹೊತ್ತಿನಲ್ಲಿ ನಡೆಯುವ ಎರಡು ಗೋಷ್ಠಿಗಳನ್ನು ತಪ್ಪದೆ ಕೇಳಿ ಎಂದಿದ್ದರು. ಐದನೆಯವರು ಆರನೆಯವರ ಭಾಷಣವನ್ನು ಹೊಗಳಿದ್ದರೆ ಆರನೆಯವರು ಐದನೆಯವರದನ್ನು ಹೊಗಳಿದ್ದರು. ದೊಡ್ಡಪ್ಪ ಅಂಚಿನಲ್ಲಿ ಒಂದೊಂದಕ್ಕೂ ಪ್ರಶ್ನೆ ಹಾಕಿದರು: ‘ಒಬ್ಬ ಮನುಷ್ಯ ಎರಡು ಹಾಲಿನಲ್ಲಿ ಹೇಗೆ?’ ‘ಲೇಖಕರು ತಮ್ಮನ್ನೇ ಶಿಫಾರಸು ಮಾಡಿಕೊಂಡಿದ್ದಾರೆ, ಉದ್ದೇಶಪೂರ್ವಕವೋ?’ ಪ್ರೂಫ್ ಹೇಗಿದೆ ಎಂದು ನೋಡಲು ಬಂದ ವೈಯಾಲಿಕಾವಲ್ ಡಾಕ್ಟರು ನಿಂತಲ್ಲೇ ಓದಿ ಬಿದ್ದುಬಿದ್ದು ನಕ್ಕರು. ನಿಮ್ಮನ್ನು ಕೇಳಿದರೆ ಯಾವುದಕ್ಕೆ ಹೋಗು ಅನ್ನುತ್ತೀರಿ, ಬರೆದುಕೊಡಿ ಎಂದು ತಮಾಷೆ ಮಾಡಿ ಹೊರಟುಹೋದರು.

ದೊಡ್ಡಪ್ಪ ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ವೇಳಾಪಟ್ಟಿಯಲ್ಲಿ, ಕೊನೆಯ ದಿನ, ಊಟ ಆದ ಮೇಲೆ, ಎಲ್ಲಕ್ಕಿಂತ ಚಿಕ್ಕ ಹಾಲಿನಲ್ಲಿ ಒಂದು ಗೋಷ್ಠಿಯಿತ್ತು: ಮಾತು ಕಳೆದುಕೊಂಡವರನ್ನು ಪರೀಕ್ಷಿಸುವ ಪ್ರಶ್ನೆಗಳು. ಮಾತನಾಡುವವಳು ನಮ್ಮ ಆಸ್ಪತ್ರೆಯ ಹುಡುಗಿಯೇ. ತಜ್ಞರು ಯಾರೂ ಅದನ್ನು ಶಿಫಾರಸು ಮಾಡಿರಲಿಲ್ಲ. ಆ ಹೊತ್ತಿಗೆ ಅರ್ಧ ಜನ ರೈಲಿಗೆ ಹೊರಟಿರುತ್ತಾರೆ. ದೊಡ್ಡಪ್ಪ ಪುಟದ ಕೆಳಗಿನ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು. ಬೇರೆಲ್ಲವನ್ನು ಮನೆಗೆ ಹೋಗಿ ಪುಸ್ತಕದಲ್ಲಿ ಓದಬಹುದು, ಇದನ್ನು ಮಾತ್ರ ಬಂದು ಕೇಳಿ, ಎಂದು ಅದರ ಅರ್ಥ. ಕೆಳಗೆ ಇನಿಷಿಯಲ್ಲು, ಹೆಸರು. ಹಾಗೇ ಮೇಜಿನ ಮೇಲೆ ಬಿಟ್ಟು ಮನೆಗೆ ಬಂದರು.

ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡಪ್ಪನ ಕೈಯ ಕೆಂಪು ಅಕ್ಷರವನ್ನು ಯಾರೂ ಪ್ರಶ್ನಿಸುವಂತಿಲ್ಲ. ಅಂಚಿನಲ್ಲಿರುವುದು ಪುಟದೊಳಗೆ ಹೋಗಬೇಕು. ಕಂಪೋಸ್ ಮಾಡುವವರು ದೊಡ್ಡಪ್ಪನಷ್ಟೇ ಹಳಬರು. ಪ್ರಶ್ನೆಯ ಚಿಹ್ನೆ ಇದ್ದದ್ದನ್ನೆಲ್ಲ ಬಿಟ್ಟು, ಇಲ್ಲದ ಎರಡು ಸಾಲನ್ನು ಅಚ್ಚುಕಟ್ಟಾಗಿ ಏಳನೆಯ ಶಿಫಾರಸಾಗಿ ಜೋಡಿಸಿದರು. ಪುಸ್ತಕ ಅಚ್ಚಾಗಿ, ಕಟ್ಟಾಗಿ, ಸಮ್ಮೇಳನದ ಚೀಲಗಳನ್ನು ಸೇರಿತು.

ಉದ್ಘಾಟನೆಯ ದಿನ ಮಧ್ಯಾಹ್ನ ವೈಯಾಲಿಕಾವಲ್ ಡಾಕ್ಟರು ಪುಸ್ತಕ ಹಿಡಿದುಕೊಂಡು ನೇರ ಎನ್.ಆರ್. ಕಾಲೋನಿಯ ಮನೆಗೇ ಬಂದರು. ದೊಡ್ಡಮ್ಮನ ಜೊತೆ ಊಟಕ್ಕೆ ಕೂತಿದ್ದ ನಾನು ಎದ್ದು ಬಂದೆ. ಡಾಕ್ಟರಿಗೆ ಸಿಟ್ಟು ಬಂದಿತ್ತೋ ಗಾಬರಿಯಾಗಿತ್ತೋ ಹೇಳುವುದು ಕಷ್ಟ. ಬೆಳಗ್ಗೆಯಿಂದ ಎಲ್ಲರೂ ಅವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ಈ ಏಳನೆಯವರು ಯಾರು? ಪದವಿಯಿಲ್ಲ, ಹುದ್ದೆಯಿಲ್ಲ, ಊರಿಲ್ಲ. ಪರಿಚಯವೇ ಬೇಡದಷ್ಟು ದೊಡ್ಡವರಿರಬೇಕು ಎಂದು ಕಿರಿಯರು ತೀರ್ಮಾನಿಸಿದ್ದರು. ಒಬ್ಬ ಹಿರಿಯರಂತೂ, ಗೊತ್ತಿಲ್ಲವೇ, ಅವರ ಹತ್ತಿರ ನಾನು ಆರು ತಿಂಗಳು ಕಲಿತಿದ್ದೇನೆ ಎಂದುಬಿಟ್ಟಿದ್ದರು! ರಾಮನವಮಿಯ ಸೂತ್ರ ನರಶಾಸ್ತ್ರಕ್ಕೂ ಸರಿಹೋಗಿತ್ತು.

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ನಗಲಿಲ್ಲ. ಡಾಕ್ಟರು, ಕಂಪೋಸಿನವರ ತಪ್ಪಿರಬೇಕು, ಅಚ್ಚಿಗೆ ಹೋಗುವ ಮುಂಚೆ ನೀವು ಎರಡನೇ ಪ್ರೂಫ್ ನೋಡಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

“ನೋಡ್ದೆ,” ಎಂದರು ದೊಡ್ಡಪ್ಪ. “ಕಾಣಿಸ್ತು. ಬಿಟ್ಟೆ.”

ಬ್ರೆಡ್ಡಿನ ದೀರ್ಘವನ್ನೂ ಬಿಡದಿದ್ದ ಮನುಷ್ಯ, ಕಂಡ ತಪ್ಪನ್ನು ಬೇಕೆಂದೇ ಉಳಿಸಿದ್ದು ಅದೇ ಮೊದಲು. ಅದಕ್ಕೆ ಅವರು ಎಷ್ಟು ನರಳಿದ್ದರು ಎನ್ನುವುದು ಅವರ ಮುಖದಲ್ಲಿತ್ತು. ಮಾಲೀಕರಿಗೆ ಬರೆದ ಪತ್ರ ಜೇಬಿನಲ್ಲಿದೆ, ನಾಳೆಯಿಂದ ಕೆಲಸಕ್ಕೆ ಹೋಗುವುದಿಲ್ಲ ಎಂದರು. ಆಮೇಲೆ ಹನ್ನೊಂದನೆಯ ಪ್ರಶ್ನೆಯ ವಿಷಯ ಹೇಳಿದರು. ಪ್ರಶ್ನೆಯನ್ನು ಬದಲಿಸಬಲ್ಲವರು ಆ ಹಾಲಿಗೆ ಬರಬೇಕಿತ್ತು, ಬೇರೆ ದಾರಿ ತೋಚಲಿಲ್ಲ ಎಂದರು. ವೈಯಾಲಿಕಾವಲ್ ಡಾಕ್ಟರು ಒಳಗೆ ಊಟದ ತಟ್ಟೆಯ ಮುಂದೆ ಕೂತಿದ್ದ ದೊಡ್ಡಮ್ಮನನ್ನು ಬಾಗಿಲಿನಿಂದಲೇ ಸ್ವಲ್ಪ ಹೊತ್ತು ನೋಡಿದರು. ನಾಡಿದ್ದು ನೀವೇ ಬಂದು ಆ ತಜ್ಞರೆದುರು ಹೇಳಿ, ನಾನು ಕರೆದುಕೊಂಡು ಹೋಗುತ್ತೇನೆ ಎಂದರು.

ಕೊನೆಯ ದಿನ ಊಟವಾದ ಮೇಲೆ ನಾನೂ ದೊಡ್ಡಪ್ಪನ ಜೊತೆ ಹೋದೆ, ಆ ಚಿಕ್ಕ ಹಾಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದ ಹುಡುಗಿ ಬಾಗಿಲಲ್ಲಿ ನಿಂತು, ತಾನು ತಪ್ಪಿ ಬೇರೆ ಹಾಲಿಗೆ ಬಂದೆನೋ ಎಂದು ಹಲಗೆ ಓದಿದಳು. ಶಿಫಾರಸು ಮಾಡಿದ ಆರು ಹಿರಿಯರಲ್ಲಿ ನಾಲ್ವರು ಮುಂದಿನ ಸಾಲಿನಲ್ಲಿದ್ದರು, ಏಳನೆಯವರು ಯಾರೆಂದು ನೋಡಬೇಕಿತ್ತಲ್ಲ. ಹುಡುಗಿ ಮೊದಲು ತಡವರಿಸಿ, ಆಮೇಲೆ ಚೆನ್ನಾಗಿಯೇ ಮಾತನಾಡಿದಳು. ಮುಗಿದ ಮೇಲೆ ದೊಡ್ಡಪ್ಪ ಹಿಂದಿನ ಸಾಲಿನಲ್ಲಿ ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಷರಟು, ಪಂಚೆ. ಇಂಗ್ಲಿಷಿನಲ್ಲಿ ಶುರುಮಾಡಿದರು, ನಡುವೆ ಕನ್ನಡಕ್ಕೆ ಬಂದರು. ವೈಯಾಲಿಕಾವಲ್ ಡಾಕ್ಟರು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದರು.

“ನಾನು ಡಾಕ್ಟ್ರಲ್ಲ. ಪ್ರೂಫ್ ನೋಡೋನು. ನನ್ನ ಹೆಸರು ನಿಮ್ಮ ಪುಸ್ತಕದಲ್ಲಿ ಬಂದಿದ್ದು ತಪ್ಪು, ಅದಕ್ಕೆ ಕ್ಷಮೆ ಕೇಳ್ತೀನಿ. ನಿಮ್ಮ ಫಾರಮ್ಮಲ್ಲೂ ಒಂದು ತಪ್ಪಿದೆ. ಹನ್ನೊಂದನೇ ಪ್ರಶ್ನೆ. ಉತ್ತರ ಗೊತ್ತಿರೋರೂ ಅದಕ್ಕೆ ಉತ್ತರ ಹೇಳಲ್ಲ.”

ಯಾಕೆ ಎಂದು ವಿವರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕದ್ದು ಕೇಳಿಸಿತು, ನನಗೆ ಮೈ ಉರಿಯಿತು. ಆದರೆ ಮುಂದಿನ ಸಾಲಿನಲ್ಲಿದ್ದ, ಎಲ್ಲರಿಗಿಂತ ವಯಸ್ಸಾದ ತಜ್ಞರು, ತಮಿಳುನಾಡಿನವರು, ನಿಧಾನವಾಗಿ ಎದ್ದರು. ತಮ್ಮ ತಾಯಿ ತೀರಿಕೊಳ್ಳುವವರೆಗೆ ತಂದೆಯ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ ಎಂದರು. ವೃತ್ತಿಗೆ ಬಂದಾಗಿನಿಂದ ತಾವು ಆ ವಯಸ್ಸಿನ ಹೆಂಗಸರಿಗೆಲ್ಲ ಇದೇ ಪ್ರಶ್ನೆ ಕೇಳುತ್ತಾ ಬಂದಿರುವುದಾಗಿಯೂ, ಎಷ್ಟು ಮಂದಿಗೆ ಅಸಮರ್ಥರು ಎಂದು ಬರೆದಿರಬಹುದೋ ಗೊತ್ತಿಲ್ಲವೆಂದೂ ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. ಹಾಗಾದರೆ ಏನು ಕೇಳಬೇಕು, ನೀವೇ ಹೇಳಿ ಎಂದು ದೊಡ್ಡಪ್ಪನ ಕಡೆ ತಿರುಗಿದರು.

ದೊಡ್ಡಪ್ಪ ಇದಕ್ಕೆ ಸಿದ್ಧವಾಗಿ ಬಂದಿರಲಿಲ್ಲ. ತಪ್ಪು ತೋರಿಸುವುದಷ್ಟೇ ನಮ್ಮ ಕೆಲಸ, ಸರಿಯಾದ್ದನ್ನು ಲೇಖಕರು ಬರೆಯಬೇಕು ಎಂದರು. ಈಗ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಹಿಂದಿನ ಕಹಿ ಇರಲಿಲ್ಲ. ವೇದಿಕೆಯ ಮೇಲಿದ್ದ ಹುಡುಗಿ, ಅಮ್ಮ ನಿಮ್ಮನ್ನು ಮೊದಲು ಹೇಗೆ ಕರೆಯುತ್ತಿದ್ದರು ಎಂದು ಕೇಳಿದಳು. ದೊಡ್ಡಪ್ಪ ಬಾಯಿ ತೆರೆದರು, ಸುತ್ತ ಕೂತ ಅಷ್ಟು ಜನರನ್ನು ನೋಡಿದರು, ಕಿವಿಯವರೆಗೆ ಕೆಂಪಾದರು. ಅದು ನಮ್ಮ ಮನೆಯ ಮಾತು ಎಂದು ಹೇಳಿ ಕೂತುಬಿಟ್ಟರು. ಹುಡುಗಿ ಮತ್ತೆ ಕೇಳಲಿಲ್ಲ, ಫಾರಮ್ಮಿನ ಮೇಲೆ ಏನೋ ಗೀಚಿಕೊಂಡಳು. ದೊಡ್ಡಮ್ಮನ ಮುಂದಿನ ಪರೀಕ್ಷೆಯನ್ನು ತನಗೆ ತೋಚಿದಂತೆ ಮಾಡಿ ನೋಡಲು ಹಿರಿಯರು ಅವಳಿಗೆ ಅಲ್ಲೇ ಒಪ್ಪಿಗೆ ಕೊಟ್ಟರು.

ಪ್ರೆಸ್ಸಿನ ಮಾಲೀಕರು ದೊಡ್ಡಪ್ಪನ ಪತ್ರವನ್ನು ಓದಿ, ಅದರಲ್ಲಿ ಒಂದು ಕಾಗುಣಿತದ ತಪ್ಪಿದೆ, ತಿದ್ದಿ ತರುವವರೆಗೆ ಸ್ವೀಕರಿಸುವುದಿಲ್ಲ ಎಂದು ವಾಪಸು ಕಳಿಸಿದರು. ತಪ್ಪು ಇರಲಿಲ್ಲ. ದೊಡ್ಡಪ್ಪ ಅದನ್ನು ಹುಡುಕುತ್ತಲೇ ವಾರ ಕಳೆದರು.

ಮೂರನೆಯ ಪರೀಕ್ಷೆಯ ದಿನ ನಾವು ಮೂವರೂ ಹೋದೆವು. ಬೆಳಗ್ಗೆ ಹನ್ನೊಂದು ಗಂಟೆ. ಕಾರಿಡಾರಿನ ಬೆಂಚುಗಳ ಮೇಲೆ ಕಾಯುವವರು ತುಂಬಿದ್ದರು. ನಾವು ದೊಡ್ಡಮ್ಮನ ಜೊತೆ ಒಳಗೇ ಕೂತೆವು. ಹತ್ತು ಪ್ರಶ್ನೆಗಳಾದ ಮೇಲೆ ಹುಡುಗಿ ಎದ್ದು ಬಾಗಿಲಿಗೆ ಬಂದು, ಸಾರ್, ನೀವು ಸ್ವಲ್ಪ ಆಚೆ ಬನ್ನಿ, ಅಮ್ಮನಿಗೆ ಕಾಣದ ಹಾಗೆ ನಿಂತುಕೊಳ್ಳಿ ಎಂದಳು. ದೊಡ್ಡಪ್ಪ ಹೊರಗೆ ಬಂದು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತರು. ನಾನೂ ಪಕ್ಕದಲ್ಲಿ ನಿಂತೆ. ಒಳಗಿನಿಂದ ಹುಡುಗಿಯ ಮಾತು ಕೇಳಿಸಿತು.

“ಅಮ್ಮಾ, ನಿಮ್ಮ ಯಜಮಾನ್ರು ಆಚೆ ಹೋಗ್ಬಿಟ್ರಲ್ಲ. ಕರೀರಿ ನೋಡೋಣ.”

ಏನೂ ಕೇಳಿಸಲಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಒಳಗೆ ಕುರ್ಚಿ ಕಿರುಗುಟ್ಟಿತು. ದೊಡ್ಡಮ್ಮ ‘ಮಂಗಳ’ ಎಂದರು, ನಿಲ್ಲಿಸಿದರು. ‘ಬೀ’ ಎಂದರು, ಅದನ್ನೂ ನಿಲ್ಲಿಸಿದರು. ಮತ್ತೆ ಬಹಳ ಹೊತ್ತು ಸದ್ದಿಲ್ಲ. ಸಾಲಿನಲ್ಲಿದ್ದ ಮುಂದಿನ ರೋಗಿಯ ಹೆಂಡತಿ ಕೈಯಲ್ಲಿದ್ದ ಚೀಟಿಯನ್ನು ನೋಡಿಕೊಂಡರು. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ.

“ಏ... ಏನೂಂದ್ರೆ.”

ಹುಡುಗಿ ಫಾರಮ್ಮಿನಲ್ಲಿ ಏನು ಬರೆದಳೋ ನಾನು ನೋಡಲಿಲ್ಲ. ಚಿಕಿತ್ಸೆ ಮಾತ್ರ ಇನ್ನೂ ಎರಡು ವರ್ಷ ನಡೆಯಿತು. ಆ ಕ್ಷಣದಲ್ಲಿ ನಾನು ನೋಡಿದ್ದು ದೊಡ್ಡಪ್ಪನನ್ನು. ಓಡಿಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಅಲ್ಲಾಡಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದರು. ದೊಡ್ಡಪ್ಪ, ಕರೀತಿದಾರೆ, ಹೋಗಿ ಎಂದು ನಾನು ಅವರ ತೋಳು ಮುಟ್ಟಿದೆ.

“ಇರೇ,” ಎಂದರು. “ಆರು ತಿಂಗಳಾಯ್ತು. ಇನ್ನೊಂದ್ಸಲ ಕರೀಲಿ.”

ಒಳಗಿನಿಂದ ಮತ್ತೆ ಬಂತು. ಈ ಸಲ ಸ್ವಲ್ಪ ಜೋರಾಗಿ, ಕಾಫಿ ಆರಿಹೋಗುತ್ತಿದೆ ಎನ್ನುವಾಗ ದೊಡ್ಡಮ್ಮನ ಧ್ವನಿಯಲ್ಲಿ ಇರುತ್ತಿದ್ದ ಆ ಸಣ್ಣ ಸಿಟ್ಟಿನ ಜೊತೆಗೆ. ದೊಡ್ಡಪ್ಪ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು, “ಬಂದೆ ಕಣೇ,” ಎಂದು ಕಾರಿಡಾರಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋದರು.